ಎರಡು ಪಟ್ಟಿಗಳ ಮಿಸ್ತ್ರಿ

ಅವರ ಹೆಸರನ್ನು ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಕೆಡಿಸಿದವನು ನಾನು. ಕೆಡಿಸಿದವನೇ ಈಗ ಅದೇ ಹೆಸರು ಹಿಡಿದು ಹೊಗಳಲು ಕೂತರೆ ಅವರ ಮನೆಯವರಿಗೆ ಸರಿಬರಲಿಕ್ಕಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಆ ಕಾಲಕ್ಕೆ ಕೆಲಸ ಮಾಡಿದವರಿಗೆ ಹೆಸರು ಬೇಕಾಗಿಯೂ ಇಲ್ಲ. ಖಾನಾಪುರದಿಂದ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದ, ಎರಡು ಪಟ್ಟಿ ಇಟ್ಟುಕೊಂಡಿದ್ದ ಪ್ಯಾಟರ್ನ್ ಮಿಸ್ತ್ರಿ ಅಂದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಅಂಥವರಲ್ಲಿ ಯಾರಾದರೂ ಒಬ್ಬರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಪ್ಯಾಟರ್ನ್ ಎಂದರೆ ಎರಕ ಹೊಯ್ಯುವ ಮೊದಲು ಮರದಲ್ಲಿ ಮಾಡಿಕೊಳ್ಳುವ ಮಾದರಿ. ಅದನ್ನು ಮರಳಿನಲ್ಲಿ ಒತ್ತಿ ಎತ್ತಿದರೆ ಒಂದು ಕುಳಿ ಉಳಿಯುತ್ತದೆ, ಆ ಕುಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆದರೆ ಕಬ್ಬಿಣ ಆರುವಾಗ ಕುಗ್ಗುತ್ತದೆ, ಫೂಟಿಗೆ ಎಂಟನೇ ಒಂದು ಇಂಚಿನಷ್ಟು. ಆದ್ದರಿಂದ ಮರದ ಮಾದರಿಯನ್ನು ಅಷ್ಟೇ ದೊಡ್ಡದಾಗಿ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುತ್ತ ಕೂರಲಾಗುವುದಿಲ್ಲವೆಂದು ಈ ಕಸುಬಿನವರಿಗೆ ಬೇರೆಯೇ ಒಂದು ಸ್ಕೇಲು ಇರುತ್ತದೆ. ಅದರಲ್ಲಿ ಒಂದು ಫೂಟು ಎಂದು ಗೀಚಿದ್ದು ನಿಜಕ್ಕೂ ಒಂದು ಫೂಟಿನ ಮೇಲೆ ಎಂಟನೇ ಒಂದು ಇಂಚು ಇರುತ್ತದೆ.

ಮಿಸ್ತ್ರಿ ಅದನ್ನು ಸುಳ್ಳ ಪಟ್ಟಿ ಎನ್ನುತ್ತಿದ್ದರು. ಮಾಮೂಲು ಸ್ಟೀಲ್ ಸ್ಕೇಲಿಗೆ ಖರೇ ಪಟ್ಟಿ. ಸುಳ್ಳ ಪಟ್ಟಿ ಹಳೆಯ ರುಮಾಲಿನ ತುಂಡಿನಲ್ಲಿ ಸುತ್ತಿಕೊಂಡು ಹತ್ಯಾರದ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಖರೇ ಪಟ್ಟಿ ಅವರ ಅಂಗಿಯ ಒಳಕಿಸೆಯಲ್ಲಿ. ಎರಡೂ ಒಂದು ಕಡೆ ಸೇರಲು ಎಂದೂ ಬಿಡುತ್ತಿರಲಿಲ್ಲ.

“ಎರಡೂ ಒಂದ ಕಿಸೇದಾಗ ಇಟಗೊಂಡಾವ ಪ್ಯಾಟರ್ನ್ ಮಿಸ್ತ್ರಿ ಅಲ್ಲರಿ,” ಎನ್ನುತ್ತಿದ್ದರು, “ಅಂವ ಬರೇ ಬಡಿಗ್ಯಾ.”

ಅವರು ಬಡಿಗ ಎಂಬ ಮಾತನ್ನು ಬೈಗುಳದಂತೆ ಬಳಸುತ್ತಿದ್ದದ್ದನ್ನು ಕೇಳಿ ನಮಗೆಲ್ಲ ನಗು. ಅವರ ಅಪ್ಪನೂ ಅಜ್ಜನೂ ಖಾನಾಪುರದಲ್ಲಿ ಬಾಗಿಲು ತೊಲೆ ಕೆತ್ತಿಕೊಂಡಿದ್ದವರೇ.

ನಾನು ಆ ಫೌಂಡ್ರಿಯ ಆಫೀಸಿಗೆ ಕಾರಕೂನನಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವೆ. ಮೊದಮೊದಲು ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಸಣ್ಣ ಆಳು, ಖಾಕಿ ಚಡ್ಡಿ, ಬಿಳಿ ಟೊಪಿಗೆ, ಕಿವಿಯಲ್ಲೊಂದು ಪೆನ್ಸಿಲ್ಲು. ಎಣಿಸುವುದು ಮರಾಠಿಯಲ್ಲಿ, ಮಾತು ಕನ್ನಡದಲ್ಲಿ. ಎಣಿಸುತ್ತಿರುವಾಗ ಯಾರಾದರೂ ಮಾತಾಡಿಸಿದರೆ ಎರಡೂ ಭಾಷೆಯಲ್ಲಿ ಸುಮ್ಮನಿರಲು ಹೇಳುತ್ತಿದ್ದರು. ಆಫೀಸಿಗೆ ಬಂದರೆ ಗೋಡೆಯ ಗಡಿಯಾರ ನೋಡುವುದಕ್ಕಿಂತ ಮೊದಲು ಅದು ಓರೆಯಾಗಿ ನೇತಾಡುವುದನ್ನು ನೋಡುತ್ತಿದ್ದರು. ಒಂದೂ ಮಾತಿಲ್ಲದೆ ಬೆರಳಲ್ಲಿ ಒಂದಿಷ್ಟು ನೂಕಿ ಸರಿಮಾಡಿ, ಆಮೇಲೆ ವೇಳೆ ನೋಡಿಕೊಂಡು ಹೋಗುತ್ತಿದ್ದರು. ಇಂಥವರ ಮುಂದೆ ಕೂತರೆ ನಾನೇ ಎಲ್ಲೋ ಓರೆಯಾಗಿದ್ದೇನೆ ಅನಿಸುತ್ತಿತ್ತು.

ಒಂದು ಸಲ ಹಾಜರಿ ಪುಸ್ತಕದಲ್ಲಿ ಅವರಿಗೆ ತಪ್ಪಾಗಿ ಗೈರುಹಾಜರಿ ಹಾಕಿಬಿಟ್ಟೆ. ಬೇರೆಯವರಾಗಿದ್ದರೆ ಆಫೀಸಿನ ಬಾಗಿಲಲ್ಲೇ ನಿಂತು ನನ್ನ ಮಾನ ತೆಗೆಯುತ್ತಿದ್ದರು. ಇವರು ಊಟದ ಸೂಟಿಯವರೆಗೆ ಕಾದರು. ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು.

“ಸಾಹೇಬ್ರ, ನಿನ್ನಿ ನಾ ಬಂದಿದ್ನಿರಿ. ನಿಮ್ಮ ಪೆನ್ನ ಒಂದ ಮನಿ ಮುಂದ ಹೋಗೇತಿ ನೋಡ್ರಿ.”

“ಆಫೀಸಿನ್ಯಾಗ ಹೇಳಬೇಕಿಲ್ಲೋ ಮಿಸ್ತ್ರಿ? ಅಲ್ಲೇ ತಿದ್ದತಿದ್ದೆ.”

“ಅಲ್ಲಿ ನಾಕ ಮಂದಿ ಇದ್ರಲ್ರೀ. ಮಂದಿ ಮುಂದ ಯಾರದೂ ಅಳತಿ ತಗೀಬಾರದ್ರಿ. ಬಾಜೂಕ ಕರೀಬೇಕು, ಹೇಳಬೇಕು, ಬಿಡಬೇಕು.”

ಇದು ಅವರ ಕೆಲಸದ ರೀತಿಯೂ ಆಗಿತ್ತು. ಎರಕದವರು ಅವರ ಪ್ಯಾಟರ್ನ್ ಒಡೆದರೆ, ಫೋರಮನ್ ನಕಾಶೆಯನ್ನು ತಪ್ಪು ಓದಿದರೆ, ಅವರು ಕೂಗಾಡುತ್ತಿರಲಿಲ್ಲ. ತಮ್ಮ ಬೆಂಚಿನ ಹತ್ತಿರ ಕಾಯುತ್ತ ಕೂರುತ್ತಿದ್ದರು. ತಪ್ಪು ಮಾಡಿದವನು ಇವತ್ತಲ್ಲ ನಾಳೆ ತಾನಾಗಿ ಬಂದು ಆ ಬೆಂಚಿನ ಮೂಲೆಗೆ ಕುಂಡಿ ಊರುತ್ತಿದ್ದ. ಐದು ನಿಮಿಷ ಮೆಲ್ಲಗೆ ಮಾತಾಗುತ್ತಿತ್ತು, ಎದ್ದು ಹೋಗುವಾಗ ಇಬ್ಬರ ಮುಖವೂ ಹಗುರವಾಗಿರುತ್ತಿತ್ತು. ಎಲ್ಲರೂ ಬರುತ್ತಿದ್ದರು. ಮಾಲಕರೂ ಒಮ್ಮೆ ಬಂದು ಕೂತದ್ದನ್ನು ನಾನು ಕಂಡಿದ್ದೇನೆ.

ಇನ್ನೊಂದು ನೆನಪು ಅವರ ಕಿರುಬೆರಳಿನದು. ಅದು ಯಾವಾಗಲೂ ನೀಲಿ. ಮರದ ಎರಡು ಭಾಗ ಒಂದಕ್ಕೊಂದು ಸರಿಯಾಗಿ ಕೂಡುತ್ತವೆಯೋ ಇಲ್ಲವೋ ನೋಡಲು ಒಂದರ ಮೈಗೆ ಎಣ್ಣೆಯಲ್ಲಿ ಕಲಸಿದ ನೀಲಿ ಬಣ್ಣವನ್ನು ಕಿರುಬೆರಳಿನಿಂದ ತೆಳ್ಳಗೆ ಸವರುತ್ತಿದ್ದರು. ಕೂಡಿಸಿ ಬಿಚ್ಚಿದರೆ ಎಲ್ಲಿ ತಾಕಿದೆಯೋ ಅಲ್ಲಿಯ ನೀಲಿ ಒರೆಸಿಹೋಗಿರುತ್ತದೆ, ತಾಕದ ಕಡೆ ಹಾಗೇ ಉಳಿದಿರುತ್ತದೆ. ಆ ನೀಲಿ ವಾರಗಟ್ಟಲೆ ಒಣಗುವುದಿಲ್ಲ, ಸಾಬೂನಿಗೂ ಬಗ್ಗುವುದಿಲ್ಲ. ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುವಾಗ ಅವರ ಕಿರುಬೆರಳೊಂದು ಮೇಲೆದ್ದು ನಿಂತಿರುತ್ತಿತ್ತು.

“ಮನಷ್ಯಾ ಕೂಡೇತಿ ಅಂತಾನ್ರಿ. ಅಂದ್ಕೊಳ್ಳಲಿ. ನೀಲಿ ಏನ ಅಂತೈತಿ ಅದನ್ನ ಕೇಳಬೇಕು.”

ಒಮ್ಮೆ ಬ್ಯಾಂಕಿನ ಕೆಲಸಕ್ಕೆ ಇಬ್ಬರೂ ಊರೊಳಗೆ ಹೋಗಿದ್ದಾಗ ಕೋಟೆಯ ಕಡೆ ಹಾಯ್ದು ಬರೋಣವೆಂದರು. ಕಮಲ ಬಸದಿಯ ಒಳಗೆ ಹೋಗಿ ಛತ್ತಿನ ಕಲ್ಲಿನ ಕಮಲದ ಕೆಳಗೆ ನಿಂತರು. ಟೊಪಿಗೆ ಕೈಯಲ್ಲಿ ಹಿಡಿದು ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದರು. ನಾನು ಭಕ್ತಿಯೆಂದುಕೊಂಡೆ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದರು: “ಕಲ್ಲು ಕುಗ್ಗೂದಿಲ್ಲರಿ. ಅಂವಗ ಒಂದ ಪಟ್ಟಿ ಸಾಕಾಗಿತ್ತು. ಪುಣ್ಯವಂತ.” ಅವರಿಗೆ ಹೊಟ್ಟೆಕಿಚ್ಚಾಗಿತ್ತು, ಅಷ್ಟು ಹಿಂದಿನ ಶಿಲ್ಪಿಯ ಮೇಲೆ!

ಎಂಬತ್ತರ ದಶಕದ ನಡುವೆ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂತು. ಆಗ ಉದ್ಯಮಬಾಗದಲ್ಲಿ ಅದೊಂದು ಜಾತ್ರೆ. ಪುಣೆಯ ಒಂದು ಸಣ್ಣ ಕಂಪನಿಯವರು ಜೋಡಿಸಿಕೊಟ್ಟ ಯಂತ್ರ. ಅದಕ್ಕೊಂದು ಕೋಣೆ, ಕೋಣೆಗೊಂದು ತಂಪಿನ ಮಶೀನು, ಕಿಟಕಿಗೆ ದಪ್ಪ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂದು ಬೋರ್ಡು. ಮಾಲಕರು ಕಂಪ್ಯೂಟರಿನ ಗಾಜಿಗೆ ಕುಂಕುಮ ಹಚ್ಚಿದರು. ಅದನ್ನು ನಡೆಸುವುದು ಕಲಿಯಲು ಮೂರು ವಾರ ಪುಣೆಗೆ ಕಳಿಸಿದ್ದು ನನ್ನನ್ನು. ತಿರುಗಿ ಬಂದ ಮೇಲೆ ನಾನು ಕಾರಕೂನ ಹೋಗಿ ಕಂಪ್ಯೂಟರ್ ಸಾಹೇಬನಾದೆ. ಕ್ಯಾಂಪಿನ ದರ್ಜಿಯ ಹತ್ತಿರ ಎರಡು ಫುಲ್ ಪ್ಯಾಂಟು ಹೊಲಿಸಿದೆ. ಕೆಲಸವಿಲ್ಲದಿದ್ದರೂ ಆ ತಂಪು ಕೋಣೆಯಲ್ಲೇ ಕೂತಿರುತ್ತಿದ್ದೆ, ಹೊರಗಿನವರು ಬಾಗಿಲ ಸಂದಿಯಿಂದ ನೋಡಿ ಹೋಗಲಿ ಎಂದು.

ಮಿಸ್ತ್ರಿ ಒಂದೇ ಸಲ ನೋಡಲು ಬಂದರು. ಪರದೆಯ ಮೇಲಿನ ಅಕ್ಷರಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಪೆಟ್ಟಿಗೆಯ ಹಿಂದೆ ಹೋಗಿ ಬಗ್ಗಿ, “ಇದರೊಳಗ ಗಾಳಿ ಎಲ್ಲಿಂದ ಬರತೈತಿ, ಎಲ್ಲಿಂದ ಹೋಗತೈತಿ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅದೆಲ್ಲ ನಿಮಗೆ ತಿಳಿಯುವುದಿಲ್ಲ ಎಂದೆ.

ಎರಡು ಮೂರು ವರ್ಷ ಓಡಿತು. ಒಂದು ಮಳೆಗಾಲದ ಆರಂಭದಲ್ಲಿ ಗುಡುಗು ಸಿಡಿಲಾದ ಮರುದಿನ ಯಂತ್ರ ಹಚ್ಚಿದರೆ ಉಸಿರೇ ಇಲ್ಲ. ಪುಣೆಯಿಂದ ಇಂಜಿನಿಯರ್ ಬಂದು ಬಿಚ್ಚಿ ನೋಡಿ, ಒಳಗಿನ ದೊಡ್ಡ ಬೋರ್ಡು, ಅಂದರೆ ಮದರ್‌ಬೋರ್ಡು ಸತ್ತಿದೆ ಎಂದ. ರಿಪೇರಿ ಮಾಡಿ ತರುತ್ತೇನೆಂದು ಅದನ್ನು ಕಿತ್ತು ಚೀಲದಲ್ಲಿಟ್ಟುಕೊಂಡು ಹೋದ. ಹೋದವನು ಹೋದ. ಟ್ರಂಕ್ ಕಾಲ್ ಹತ್ತಲಿಲ್ಲ, ಪತ್ರ ಬರೆದರೆ ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ತಿರುಗಿ ಬಂತು. ಕಂಪನಿಯೇ ಮುಚ್ಚಿತ್ತು. ನಮ್ಮ ಪಾಲಿಗೆ ಉಳಿದದ್ದು ಒಂದು ಖಾಲಿ ಡಬ್ಬ, ಕೆಲವು ತಂತಿ, ಬೇರೆಬೇರೆ ಕೆಲಸದ ಸಣ್ಣ ಕಾರ್ಡುಗಳು.

ನಾನು ಮತ್ತೆ ಹಳೆಯ ದಪ್ಪ ಪುಸ್ತಕಗಳಿಗೆ ಬಂದೆ. ಮಂದಿ ಕಂಪ್ಯೂಟರ್ ಸಾಹೇಬ ಅನ್ನುವುದನ್ನು ಬಿಡಲಿಲ್ಲ, ಆದರೆ ಅನ್ನುವಾಗ ಬೇರೆ ಕಡೆ ನೋಡಿ ನಗುತ್ತಿದ್ದರು. ಮಾಲಕರು ಹೇಳಿದರು: “ಮುಂಬೈಗೆ ಹೋಗಿ ಇದಕ್ಕ ಕೂಡೂ ಅಂಥಾ ಬ್ಯಾರೆ ಬೋರ್ಡ್ ತಗೊಂಡ ಬಾ. ನೀ ಕಲತ ಬಂದಾಂವ ಅದೀಯಲ್ಲ.”

ನಿಜ ಹೇಳಬೇಕೆಂದರೆ ನಾನು ಕಲಿತದ್ದು ಕೀಲಿ ಒತ್ತುವುದನ್ನು. ಹಳೆಯ ಯಂತ್ರಕ್ಕೆ ಯಾವ ಬೋರ್ಡು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದು ನನ್ನ ಮೂರು ವಾರದ ಪಾಠದಲ್ಲಿ ಬಂದಿರಲಿಲ್ಲ. ಹಳೆಯ ಬೋರ್ಡು ಕೈಯಲ್ಲಿದ್ದಿದ್ದರೆ ತೋರಿಸಿ ತರಬಹುದಿತ್ತು. ಅದೂ ಇಲ್ಲ.

ಆಗ ಮಿಸ್ತ್ರಿ ತಾವಾಗಿ ಬಂದರು. ಖಾಲಿ ಡಬ್ಬದೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಅವರ ಮುಖ ಅರಳಿದ್ದು ನನಗೆ ಇನ್ನೂ ಕಾಣುತ್ತದೆ.

“ಕುಳಿ ಐತಿ, ಪ್ಯಾಟರ್ನ್ ಇಲ್ಲ. ಅಷ್ಟ ಅಲ್ಲೇನ್ರಿ? ಕುಳಿ ನೋಡಿ ಪ್ಯಾಟರ್ನ್ ಮಾಡಿ ಕೊಡ್ತೀನಿ. ಇದರ ಕಾಲ ಕೂಡಬೇಕು, ಬಾಯಿ ಕೂಡಬೇಕು. ಉಸರಿಂದ ನೀವ ನೋಡಕೋರ್ರಿ.”

ಕಾಲು ಎಂದರೆ ಬೋರ್ಡನ್ನು ತಳಕ್ಕೆ ಬಿಗಿಯುವ ಒಂಬತ್ತು ತೂತುಗಳು. ಬಾಯಿ ಎಂದರೆ ಡಬ್ಬದ ಹಿಂಬದಿಯಲ್ಲಿ ಕಾರ್ಡುಗಳು ಹೊರಗೆ ಮುಖ ತೋರಿಸುವ ಸೀಳುಗಳು, ಕೀಲಿಮಣೆಯ ತಂತಿ ಸಿಗಿಸುವ ದುಂಡು ಕಿಂಡಿ. ಉಸಿರು ಎಂದರೆ ಕರೆಂಟು. ಪುಣೆಯಲ್ಲೂ ನನಗೆ ಯಾರೂ ಇಷ್ಟು ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

ಮೂರು ದಿನ ಅವರು ಆ ಡಬ್ಬದ ಮುಂದೆ ಕೂತರು. ನಾನು ಬಾಜುವಿನಲ್ಲಿ ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದೆ. ಮೊದಲ ಗೀಟು ಹಾಕುವ ಮೊದಲು ಅಂಗಿಯ ಒಳಕಿಸೆಗೆ ಕೈಹಾಕಿ ಸ್ಟೀಲ್ ಸ್ಕೇಲನ್ನು ತೆಗೆದು ನನ್ನ ಕಣ್ಣ ಮುಂದೆ ಹಿಡಿದರು. “ನೋಡ್ರಿ ಸಾಹೇಬ್ರ, ಖರೇ ಪಟ್ಟಿ. ಇದ ಎರಕದ ಕೆಲಸ ಅಲ್ಲ, ಇದು ಕುಗ್ಗೂದಿಲ್ಲ. ನಾಳೆ ಯಾರರೆ ಕೇಳಿದ್ರ ನೀವ ಸಾಕ್ಷಿ.” ತಮಾಷೆಗೆ ಅಂದಿದ್ದರು. ನಾನೂ ನಕ್ಕಿದ್ದೆ.

ಕೊನೆಗೆ ಅವರು ಕೊಟ್ಟದ್ದು ತೆಳ್ಳನೆಯ ಸಾಗವಾನಿ ಪೆಟ್ಟಿಗೆ, ಸರಿಸುವ ಮುಚ್ಚಳದ್ದು. ಒಳಗೆ ಪ್ಲೈವುಡ್ಡಿನ ಹಲಗೆ, ಅದರ ಮೇಲೆ ಒಂಬತ್ತು ಪುಟ್ಟ ಗೂಟ, ಹಿಂದಿನ ಅಂಚಿನಲ್ಲಿ ಸೀಳುಗಳ ಗುರುತು. ಧೋತರದ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ಅಂಗಡ್ಯಾಗ ಮುಚ್ಚಳಾ ಸರಸ್ರಿ. ಬೋರ್ಡ್ ಇದರ ಮ್ಯಾಲ ಇಡ್ರಿ. ಒಂಬತ್ತೂ ಗೂಟ ಹೊಕ್ಕರ ತಗೋರ್ರಿ. ಎಂಟ ಹೊಕ್ಕು ಒಂದ ನಿಂತರೂ ಬ್ಯಾಡ್ರಿ. ಅಂಗಡ್ಯಾಂವ ಏನ ಹೇಳಿದ್ರೂ ಕೇಳಬ್ಯಾಡ್ರಿ, ಗೂಟದ ಮಾತ ಕೇಳ್ರಿ.”

ಮಿರಜಿನಲ್ಲಿ ಗಾಡಿ ಬದಲಿಸಿ ಮುಂಬೈಗೆ ಹೋದೆ. ಎಲೆಕ್ಟ್ರಾನಿಕ್ ಸಾಮಾನುಗಳ ಓಣಿಯಲ್ಲಿ ಮೂರನೇ ಮಹಡಿಯ ಅಂಗಡಿ. ಗಾಜಿನ ಬಾಗಿಲು, ನಮ್ಮ ಕೋಣೆಗಿಂತ ಹೆಚ್ಚಿನ ತಂಪು. ಟೈ ಕಟ್ಟಿದ ಹುಡುಗ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ನನಗಿಂತ ಮುಂದೆ ಸೂಟಿನ ಗೃಹಸ್ಥರೊಬ್ಬರು ಏನೇನೋ ನಂಬರುಗಳನ್ನು ಪಟಪಟ ಹೇಳಿ ಬೇಕಾದ್ದು ಪಡೆದು ಹೋದರು. ನನ್ನ ಸರದಿ ಬಂತು. ನಾನು ನಮ್ಮ ಯಂತ್ರದ ನಮೂನೆ ಹೇಳಿದೆ. ಹುಡುಗ ಕಪಾಟಿನಿಂದ ಒಂದು ಬೋರ್ಡು ತೆಗೆದಿಟ್ಟ. ಹೊಳೆಯುವ ಚೀಲದೊಳಗೆ ಹಸಿರು ಹಲಗೆ.

“ಇದು ಆಗುತ್ತದೆ. ಅಳತೆ ಏನಾದರೂ ತಂದಿದ್ದೀರಾ?” ಎಂದು ಕೇಳಿದ.

ಕೇಳಿದ. ಅವನು ಕೇಳಿದ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಲದು. ನನ್ನ ಕೈ ಚೀಲದೊಳಗೆ ಹೋಯಿತು, ಧೋತರದ ಗಂಟನ್ನು ಮುಟ್ಟಿತು. ಈ ಗಾಜಿನ ಮೇಜಿನ ಮೇಲೆ ಹಳ್ಳಿಯ ಬುತ್ತಿಯ ಹಾಗಿದ್ದ ಆ ಗಂಟನ್ನು ಬಿಚ್ಚಿ, ಒಳಗಿನಿಂದ ಮರದ ಪೆಟ್ಟಿಗೆ ತೆಗೆದು, ಗೂಟಗಳನ್ನು ತೋರಿಸುವುದೇ? ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು. ನಾನು ಕೈ ಹೊರಗೆ ತೆಗೆದೆ.

“ಅಳತೆ ಯಾಕೆ? ಎಲ್ಲ ಸ್ಟ್ಯಾಂಡರ್ಡ್ ಅಲ್ಲವೇ?” ಎಂದೆ, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ.

“ಹೆಚ್ಚುಕಡಿಮೆ,” ಎಂದ ಹುಡುಗ. ಆ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಮಿರಜಿನಲ್ಲಿ ಬೆಳಗಾವಿ ಗಾಡಿಗೆ ಕಾಯುತ್ತ ಕೂತೆ. ಸುತ್ತ ಯಾರೂ ಟೈ ಕಟ್ಟಿದವರಿರಲಿಲ್ಲ. ಗಂಟು ಬಿಚ್ಚಿದೆ. ಮುಚ್ಚಳವನ್ನು ನಾಲ್ಕು ಬೆರಳಷ್ಟು ಸರಿಸಿ ಒಳಗೆ ಹೆಬ್ಬೆರಳು ಹಾಕಿದೆ. ಒಂದು ಗೂಟ ತಾಕಿತು. ಬೋರ್ಡನ್ನು ಇಟ್ಟು ನೋಡಲು ಒಂದು ನಿಮಿಷವೂ ಬೇಕಿರಲಿಲ್ಲ. ಆದರೆ ಕೂಡದಿದ್ದರೆ? ತಿರುಗಿ ಮುಂಬೈಗೆ ಹೋಗಬೇಕು, ಆ ಮೂರು ಮಹಡಿ ಹತ್ತಬೇಕು, ಆ ಹುಡುಗನ ಮುಂದೆ ನಿಲ್ಲಬೇಕು. ನೋಡದಿದ್ದರೆ ಕೂಡಲೂಬಹುದು ಎಂಬ ಆಸೆಯಾದರೂ ಉಳಿಯುತ್ತದೆ. ಮುಚ್ಚಳ ಹಾಕಿಬಿಟ್ಟೆ. ಗಾಡಿ ಹತ್ತಿದ ಮೇಲೆ ಹೆಬ್ಬೆರಳು ನೀಲಿಯಾಗಿದ್ದು ಕಂಡಿತು. ಪೆನ್ನು ಸೋರಿರಬೇಕೆಂದು ಪೇಪರಿಗೆ ಒರೆಸಿಕೊಂಡೆ.

ಬೋರ್ಡು ಕೂಡಿಸುವ ದಿನ ಮಾಲಕರು, ಫೋರಮನ್, ಆಫೀಸಿನ ನಾಲ್ಕೈದು ಮಂದಿ ಎಲ್ಲ ನೆರೆದಿದ್ದರು. ತೆಂಗಿನಕಾಯಿ ಒಡೆದಾಗಿತ್ತು. ಬೋರ್ಡನ್ನು ಡಬ್ಬಕ್ಕೆ ಇಳಿಸಿದೆ. ಮೂರು ತೂತು ಕೂಡಿದವು. ಉಳಿದವು ಒಂದೊಂದೂ ಕೂದಲೆಳೆ, ಕೂದಲೆಳೆ ಎನ್ನುತ್ತ ತುದಿಗೆ ಹೋಗುವಷ್ಟರಲ್ಲಿ ಎಂಟನೇ ಒಂದು ಇಂಚು ಸರಿದಿದ್ದವು. ಕೀಲಿಮಣೆಯ ಕಿಂಡಿ ಅರ್ಧ ತಗಡಿನ ಹಿಂದೆ. ನಾನು ಒತ್ತಿದೆ. ಮತ್ತೂ ಒತ್ತಿದೆ. ಬೋರ್ಡು ಚಿಟ್ಟೆಂದಿತು. ಅಂಚಿನಿಂದ ಒಂದು ಸೀಳು ಬಿಟ್ಟಿತು.

ಮಾಲಕರು ಮೆಲ್ಲಗೆ ಕೇಳಿದರು: “ಮಿಸ್ತ್ರಿ ಮಾಡಿ ಕೊಟ್ಟಿದ್ದಕ್ಕ ಹಚ್ಚಿ ನೋಡಿ ತಂದ್ಯೋ, ಇಲ್ಲೋ?”

“ನೋಡೀನ್ರಿ,” ಎಂದೆ. “ಅದಕ್ಕ ಬರೋಬರಿ ಕೂತಿತ್ರಿ.”

ಬಾಯಿಂದ ಹೊರಟುಹೋಯಿತು. ಆಮೇಲಿನದೆಲ್ಲ ತಾನಾಗಿ ಉರುಳಿತು ಎಂದು ಹೇಳಬಹುದಿತ್ತು, ಆದರೆ ಹಾಗಾಗಲಿಲ್ಲ. ಫೋರಮನ್ ತಲೆ ಕೆರೆದುಕೊಂಡು, “ಹಂಗಾದ್ರ ಮುದುಕ ಸುಳ್ಳ ಪಟ್ಟಿ ಹಿಡದಾನೇನ್ರಿ?” ಎಂದ. ಆಗಲೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಾನು ಲೆಕ್ಕ ಕೊಟ್ಟೆ: “ಬೋರ್ಡ್ ಒಂದ ಫೂಟ ಉದ್ದ ಐತಿ. ತಪ್ಪಿದ್ದು ಎಂಟನೇ ಒಂದ ಇಂಚ. ಲೆಕ್ಕ ಸರಿ ಹತ್ತತೈತ್ರಿ.”

ಫೌಂಡ್ರಿಯ ಮಂದಿಗೆ ಇದಕ್ಕಿಂತ ಪಕ್ಕಾ ಪುರಾವೆ ಬೇಕೇ? ಎಲ್ಲರೂ ತಲೆ ಅಲ್ಲಾಡಿಸಿದರು. ಇನ್ನಾವ ಊರಿನಲ್ಲಿ, ಇನ್ನಾವ ಕಾರ್ಖಾನೆಯಲ್ಲಿ ಹೇಳಿದ್ದರೂ ಈ ಸುಳ್ಳು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವರಿಂದಲೇ ಕಲಿತ ಲೆಕ್ಕವನ್ನು ಅವರ ಮೇಲೆ ಹಾಕಿದೆ.

ಮಿಸ್ತ್ರಿಯನ್ನು ಕರೆಸಿದರು. ಮಾಲಕರು ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು, “ಅಳತಿ ತಪ್ಪೇತಂತ ನೋಡಪಾ,” ಎಂದರು. ಆ ಹಲಗೆಯನ್ನು ಡಬ್ಬದ ಮೇಲೆ ಒಂದು ಸಲ ಹಿಡಿದರೆ ಮುಗಿಯಿತು, ಒಂಬತ್ತೂ ಗೂಟ ಒಂಬತ್ತು ತೂತಿನ ಮೇಲೆ ನಿಲ್ಲುತ್ತವೆ, ನನ್ನ ಕಥೆ ತೀರುತ್ತದೆ. ಡಬ್ಬ ಅವರ ಮುಂದೆಯೇ ಬಾಯಿ ತೆರೆದುಕೊಂಡು ಬಿದ್ದಿತ್ತು.

ಅವರು ಮುಚ್ಚಳವನ್ನು ತಮ್ಮ ಕಡೆ ಸರಿಸಿದರು. ಒಳಗೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಮುಖವನ್ನಲ್ಲ, ಕೈಯನ್ನು. ಮುಚ್ಚಳ ಹಾಕಿದರು.

“ತಪ್ಪೇತ್ರಿ,” ಎಂದರು. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು.

ನನಗೆ ಆದದ್ದು ಬಿಡುಗಡೆ. ನಾಚಿಕೆ ಆಮೇಲೆ ಬಂತು, ಅದೂ ನಿಧಾನವಾಗಿ. ವಯಸ್ಸಾಗಿದೆ, ಕಣ್ಣು ಮಂದ, ನಿಜವಾಗಿಯೂ ತಾವೇ ತಪ್ಪಿದ್ದೇವೆ ಎಂದುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಪಟ್ಟಿಯನ್ನು ನನ್ನ ಕಣ್ಣ ಮುಂದೆ ಹಿಡಿದದ್ದನ್ನು ಮರೆಯಲು ನೋಡಿದೆ.

ಅಂದಿನಿಂದ ಅವರು ತಮ್ಮ ಬೆಂಚಿನ ಹತ್ತಿರ ಕಾಯುತ್ತ ಕೂರಲು ಶುರುಮಾಡಿದರು. ಊಟದ ಸೂಟಿಯಲ್ಲಿ ಬೇವಿನ ಗಿಡದ ಕೆಳಗೆ ಹೋಗುವುದನ್ನು ಬಿಟ್ಟು ಅಲ್ಲಿಯೇ ಡಬ್ಬಿ ಬಿಚ್ಚುತ್ತಿದ್ದರು. ಬೆಂಚಿನ ಮೂಲೆಯಲ್ಲಿ ಹೊಟ್ಟು ಗುಡಿಸಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿರುತ್ತಿದ್ದರು. ಆಫೀಸಿನ ಕಿಟಕಿಯಿಂದ ಅದು ನನಗೆ ಕಾಣುತ್ತಿತ್ತು. ನಾನು ಪರದೆ ಎಳೆದುಕೊಂಡೆ.

ಶೆಡ್ಡಿನಲ್ಲಿ ತಮಾಷೆ ಹುಟ್ಟಿತು. “ಮಿಸ್ತ್ರಿ, ಇವತ್ತ ಯಾವ ಪಟ್ಟಿರೀ? ಖರೇದೋ, ಸುಳ್ಳದೋ?” ನಿನ್ನೆಯವರೆಗೆ ಅವರ ಮುಂದೆ ಬೀಡಿ ಆರಿಸುತ್ತಿದ್ದವರು ಕೇಳುತ್ತಿದ್ದರು. ಅವರು ಮಾಡಿದ ಪ್ರತಿಯೊಂದು ಪ್ಯಾಟರ್ನನ್ನೂ ಫೋರಮನ್ ತನ್ನ ಸ್ಕೇಲು ಹಿಡಿದು ಮತ್ತೆ ಅಳೆಯತೊಡಗಿದ, ಅದೂ ಎಲ್ಲರ ಮುಂದೆ. ಆ ವರ್ಷ ಬಂದ ದೊಡ್ಡ ಪಂಪಿನ ಕೆಲಸವನ್ನು, ಅವರು ತಿಂಗಳಿಂದ ನಕಾಶೆ ಇಟ್ಟುಕೊಂಡು ಯೋಚಿಸುತ್ತಿದ್ದ ಕೆಲಸವನ್ನು, ಮಾಲಕರು ಕೊಲ್ಲಾಪುರದವರಿಗೆ ಕೊಟ್ಟರು. ಆ ನಕಾಶೆಯನ್ನು ತಿರುಗಿ ತರಲು ಅವರ ಹತ್ತಿರ ಹೋಗಬೇಕಾದದ್ದು ನಾನೇ. ಸುರುಳಿ ಸುತ್ತಿ ಕೊಟ್ಟರು. ಬೆಂಚಿನ ಮೂಲೆ ತೋರಿಸಿ, “ಕುಂದರ್ರಿ ಸಾಹೇಬ್ರ,” ಎಂದರು.

“ಕೆಲಸ ಐತ್ರಿ,” ಎಂದು ಬಂದುಬಿಟ್ಟೆ.

ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ ಮೊದಲು ಅವರು ಕೆಲಸ ಬಿಟ್ಟು ಹತ್ಯಾರದ ಪೆಟ್ಟಿಗೆ ಹೊತ್ತುಕೊಂಡು ಖಾನಾಪುರಕ್ಕೆ ಹೋದರು. ಪ್ರತಿವರ್ಷ ಪೂಜೆಯ ಮಣೆಯ ಎರಡು ತುದಿಗೆ ಅವರ ಎರಡು ಪಟ್ಟಿ ಇರುತ್ತಿದ್ದವು. ಆ ವರ್ಷ ಮಣೆಯ ಮೇಲೆ ಬರಿಯ ಸ್ಪ್ಯಾನರುಗಳಿದ್ದವು.

ನಾನು ಎರಡನೇ ಸಲ ಮುಂಬೈಗೆ ಹೋದೆ, ಖಾಲಿ ಡಬ್ಬವನ್ನೇ ಗೋಣಿತಟ್ಟಿನಲ್ಲಿ ಹೊಲಿದುಕೊಂಡು. ಟೈ ಹುಡುಗ ನಗಲಿಲ್ಲ. ಡಬ್ಬದೊಳಗೆ ಒಂದೊಂದೇ ಬೋರ್ಡು ಇಳಿಸಿ, ನಾಲ್ಕನೆಯದು ಕೂತಾಗ, “ಹಳೆಯ ಯಂತ್ರಗಳಿಗೆ ಹೀಗೇ ನೋಡಬೇಕು, ಹೋದ ಸಲವೇ ಏನಾದರೊಂದು ಮಾದರಿ ತರಬೇಕಿತ್ತು,” ಎಂದ. ಕಂಪ್ಯೂಟರ್ ಶುರುವಾಯಿತು. ಮಾಲಕರು ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಮುಂದಿನ ಬೇಸಿಗೆಯಲ್ಲಿ ಸುದ್ದಿ ಬಂತು, ಮಿಸ್ತ್ರಿ ತೀರಿಕೊಂಡರೆಂದು. ಫೌಂಡ್ರಿಯ ಪರವಾಗಿ ಒಬ್ಬರು ಹೋಗಿಬರಬೇಕೆಂದಾಗ ಮಾಲಕರು ನನ್ನನ್ನೇ ಕಳಿಸಿದರು. ಅವರು ಬರುತ್ತಿದ್ದ ಗಾಡಿಯಲ್ಲೇ ಉಲ್ಟಾ ದಿಕ್ಕಿಗೆ ಹೋದೆ. ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಹಂಚಿನ ಮನೆ. ಪಡಸಾಲೆಯ ತುಂಬ ನೆಂಟರು, ಕೆಲವರು ಮರಾಠಿಯಲ್ಲಿ, ಕೆಲವರು ಕನ್ನಡದಲ್ಲಿ ಮಾತಾಡುತ್ತ ಕೂತಿದ್ದರು. ಅವರ ಹೆಂಡತಿ ನನ್ನನ್ನು ಗುರುತು ಹಿಡಿದಂತೆ ನೋಡಿದರು.

“ಉದ್ಯಮಬಾಗದಿಂದ ಬಂದ್ರೇನ್ರಿ? ಕಂಪ್ಯೂಟರ್ ಸಾಹೇಬ್ರು?”

ಹೌದೆಂದೆ. ಅವರು ಒಳಗೆ ಹೋಗಿ ಧೋತರದ ಗಂಟು ತಂದು ನನ್ನ ತೊಡೆಯ ಮೇಲಿಟ್ಟರು.

“ಯಾರಿಗೂ ಮುಟ್ಟಾಕ ಕೊಡತಿರಲಿಲ್ರಿ ಇದನ್ನ. ಸಾಹೇಬ್ರು ಬರತಾರ, ಅವರ ಕೈಯಾಗ ಕೊಡಬೇಕು ಅಂತಿದ್ರು. ದಸರಾ ಆತು, ದೀವಳಿಗಿ ಆತು. ನೀವ ಬರಲಿಲ್ಲ.”

ಗಂಟು ಬಿಚ್ಚಿ ಮುಚ್ಚಳವನ್ನು ಪೂರ್ತಿ ಸರಿಸಿದೆ. ಮೊದಲ ಸಲ ಪೂರ್ತಿ ಸರಿಸಿದ್ದು. ಒಂಬತ್ತು ಗೂಟಗಳು. ಪ್ರತಿಯೊಂದರ ಮೈಗೂ ಸುತ್ತಲೂ, ನನ್ನ ಕೈಗೆ ಕೊಡುವ ಮೊದಲು ಅವರು ಕಿರುಬೆರಳಿನಿಂದ ಸವರಿದ್ದ ನೀಲಿ. ಬೋರ್ಡನ್ನು ಒಂದೇ ಒಂದು ಸಲ ಇಟ್ಟಿದ್ದರೂ ಅದು ಅಲ್ಲಲ್ಲಿ ಒರೆಸಿಹೋಗಬೇಕಿತ್ತು. ಎಂಟು ಗೂಟಗಳ ಮೇಲೆ ಅದು ಸವರಿದಷ್ಟೇ ತೆಳ್ಳಗೆ, ಒಂದು ಗೀರೂ ಇಲ್ಲದೆ ಹಾಗೇ ಒಣಗಿತ್ತು. ತುದಿಯ ಒಂದು ಗೂಟದ ಮೇಲೆ ಮಾತ್ರ ನೀಲಿ ಕದಡಿ, ಒಂದು ಹೆಬ್ಬೆರಳಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು.

ಅಂದು ಮುಚ್ಚಳ ಸರಿಸಿದಾಗ ಅವರು ನೋಡಿದ್ದು ಇದನ್ನು. ಆಮೇಲೆ ನನ್ನ ಕೈ ನೋಡಿದ್ದು ಇದಕ್ಕಾಗಿ. ಎಲ್ಲ ಗೊತ್ತಿದ್ದೇ ಅಷ್ಟು ಮಂದಿಯ ಮುಂದೆ ನನ್ನ ಅಳತೆ ತೆಗೆಯದೆ, ಬೆಂಚಿನ ಮೂಲೆ ಗುಡಿಸಿಕೊಂಡು ಕಾದಿದ್ದರು.

ನೆಂಟರಲ್ಲಿ ಒಬ್ಬರು ಬಗ್ಗಿ ನೋಡಿ, “ಇದ ಏನ್ರಿ ಅಳತಿ ತಪ್ಪಿದ್ದು?” ಎಂದು ಕೇಳಿದರು. ಖಾನಾಪುರದವರೆಗೂ ಬಂದಿತ್ತು ನನ್ನ ಮಾತು. ಇಲ್ಲ, ತಪ್ಪಿದವನು ನಾನು ಎಂದು ಅಲ್ಲಿ ಗಟ್ಟಿಯಾಗಿ ಹೇಳಬೇಕಿತ್ತು. ನನ್ನಿಂದಾಗಲಿಲ್ಲ. ಹೊರಡುವಾಗ ಅವರ ಹೆಂಡತಿಯನ್ನು ಹಿತ್ತಿಲ ಬಾಗಿಲ ಹತ್ತಿರ ಕರೆದು, ಮೆಲ್ಲಗೆ, ತಲೆ ತಗ್ಗಿಸಿ ಹೇಳಿದೆ: “ಅವರ ಅಳತಿ ತಪ್ಪಿರಲಿಲ್ರಿ. ನಾ ಹಚ್ಚಿ ನೋಡಿರಲಿಲ್ಲ.” ಬಾಜುವಿಗೆ ಕರೆದು ಹೇಳುವ ಅವರ ರೀತಿಯನ್ನು ನನ್ನ ಅಂಜಿಕೆಗೆ ಬಳಸಿಕೊಂಡೆ.

ಆಕೆ ಅಳಲೂ ಇಲ್ಲ, ಬಯ್ಯಲೂ ಇಲ್ಲ.

“ಇಲ್ಲಿ ನಮಗ ಗೊತ್ತೈತ್ರಿ,” ಎಂದರು. “ಇದನ್ನ ಉದ್ಯಮಬಾಗದಾಗ ಹೇಳ್ರಿ.”

ಪೆಟ್ಟಿಗೆಯನ್ನು ನನ್ನ ಚೀಲದೊಳಗೆ ಅವರೇ ಇಟ್ಟರು.

ಮರುದಿನ ಬೆಳಿಗ್ಗೆ ಉದ್ಯಮಬಾಗಕ್ಕೆ ಹೋದೆ. ಮಾಲಕರು ಇದ್ದರು, ಫೋರಮನ್ ಇದ್ದ, ಎಲ್ಲರೂ ಇದ್ದರು. ಹೇಗಾಯಿತು, ಎಷ್ಟು ಮಂದಿ ಬಂದಿದ್ದರು ಎಂದು ಕೇಳಿದರು, ಹೇಳಿದೆ. ಚೀಲವನ್ನು ಮೇಜಿನ ಕೆಳಗೆ ಕಾಲಿನಿಂದ ಒಳಗೆ ನೂಕಿದೆ. ಆಮೇಲೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಂಪು ಕೋಣೆಗೆ ಹೋಗಿ ಕಂಪ್ಯೂಟರ್ ಹಚ್ಚಿದೆ. ಅದು ಒಂದೇ ಸಲಕ್ಕೆ ಶುರುವಾಯಿತು.